ಚೀನಾದ ಸಾಹೇಬರು ಮನೆ ಬಿಟ್ಟದ್ದು

ಹೊಸಪೇಟೆಯ ಹಿಟ್ಟಿನ ಗಿರಣಿಯಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು: ಮನೆ ಬಾಡಿಗೆಗೆ ಕೊಟ್ಟಿದ್ದ ಸುವರ್ಣಮ್ಮ, ಆ ಮನೆಯ ಕೆಲಸದ ಶಾಂತಕ್ಕ. ಅದಿರು ಕೊಳ್ಳಲು ಬಂದು ಅಲ್ಲಿ ಮೂರು ವರ್ಷ ಇದ್ದ ಚೀನಾದ ಇಂಜಿನಿಯರು ಅಂದು ಬೆಳಿಗ್ಗೆ ಊರು ಬಿಟ್ಟಿದ್ದ.

“ಊರು ಬಿಡೋದು ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಬಂದಿದ್ನೇನು?” ಸುವರ್ಣಮ್ಮ ಕೇಳಿದರು.

“ಹೋದ ವಾರನ ಹೇಳಿಬಂದ್ರು ಅಮ್ಮಾರ. ಗ್ಯಾಸ್ ಸಿಲಿಂಡರ್ ವಾಪಸ್ ಕೊಟ್ರು, ಬ್ಯಾಂಕಿನ ಖಾತೆನೂ ಮುಚ್ಚಿಸಿದ್ರು.”

“ಫ್ರಿಜ್ಜು ನನಗ ಕೊಟ್ಟಾನ. ನಮ್ಮೂರಂದ್ರ ಭಾಳ ಪ್ರೀತಿ ಅವಗ. ನೋಡ್ತಿರು, ದೀಪಾವಳಿಗೆ ತಿರುಗಿ ಬರ್ತಾನ.”

ಶಾಂತಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದಳು.

“ಯಾಕ, ಬರಂಗಿಲ್ಲೇನು?”

“ಹೊಂಡೋ ಮುಂದ ತಾವೇ ಮನಿ ಕಸ ಹೊಡೆದ್ರು.”

“ಅಯ್ಯ! ಊರಿಗೆ ಹೊಂಟಾಗ ಕಸ ಹೊಡಿಬಾರದು ಅಂತ ಹೇಳಲಿಲ್ಲೇನು?”

“ಹೇಳಿದ್ನಲ್ರಿ. ಹಂಗ ಹೊಡೆದ್ರ ಈ ಊರಿಗೆ ತಿರುಗಿ ಬರಂಗಿಲ್ಲ ನೋಡ್ರಿ ಸಾಹೇಬ್ರ, ಅಂದೆ.”

“ಅದಕ್ಕೇನಂದ?”

“ಖರೇನಾ ಅಂತ ಕೇಳಿದ್ರು. ಖರೇ ಅಂದೆ. ಕಸಬರಿಗೆ ತಗೊಂಡು ಅಡಿಗಿಮನಿಯಿಂದ ಬಾಗಿಲತನಕ ಮತ್ತೊಮ್ಮೆ ಹೊಡೆದ್ರು.”

ಅಷ್ಟರಲ್ಲಿ ಹೊರಗೆ ಅದಿರಿನ ಲಾರಿಗಳು ಸಾಲಾಗಿ ಹಾದುಹೋದವು. ಸುವರ್ಣಮ್ಮ ಹಿಟ್ಟಿನ ಡಬ್ಬಿಯ ಮೇಲೆ ಕೂತ ಕೆಂಪು ಧೂಳನ್ನು ಸೆರಗಿನಿಂದ ಒರೆಸಿ, ಡಬ್ಬಿ ಎತ್ತಿಕೊಂಡು ನಡೆದರು. ಶಾಂತಕ್ಕ ಹಿಂದೆ ಹೋದಳು.