ಜಾನಿ ಸತ್ತಿಲ್ಲ, ಬಸ್ತ್ಯಾಂವ ಸತ್ತಿದ್ದಾನೆ

ಸಭೆಯ ಅಧ್ಯಕ್ಷರಾದ ಅಡಿವೆಯ್ಯನವರೇ, ದಾಂಡೇಲಿಯ ಹಿರಿಯರೇ, ಹಳಿಯಾಳ, ಜೋಯಿಡಾ, ಮುಂಡಗೋಡದಿಂದ ಬಸ್ಸು ಹಿಡಿದು ಬಂದ ಸಂಗೀತಪ್ರೇಮಿಗಳೇ, ಮತ್ತು — ಇವರನ್ನು ಮೊದಲು ಹೇಳಬೇಕಾಗಿತ್ತು — ಮುಂದಿನ ಸಾಲಿನಲ್ಲಿ ಕೂತಿರುವ, ತೀರಿಕೊಂಡವನ ತಾಯಿ ಅಗ್ನೆಸ್‌ಬಾಯಿ, ತಂಗಿ ಮಾರ್ಗರೀಟಾ, ಎಲ್ಲರಿಗೂ ನಮಸ್ಕಾರ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಮಾತುಗಾರನಲ್ಲ. ಅಡಿವೆಯ್ಯನವರ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ನುಡಿಸುವವನು. ವೇದಿಕೆಯ ಎಡಗಡೆ, ಬೆಳಕು ಬೀಳದ ಕಡೆ ಕೂರುವವನು. ಅಲ್ಲಿಂದ ಹಾಡುವವನ ಬೆನ್ನು ಕಾಣುತ್ತದೆ. ಹಾಗಾಗಿ ಸತ್ತವನ ಬೆನ್ನನ್ನು ನಾನು ಬಲ್ಲೆ. ಮುಖವನ್ನು ನೀವು ನೋಡಿದ್ದೀರಿ.

ಮೊದಲು ಒಂದು ತಿದ್ದುಪಡಿ. ನನ್ನ ಹಿಂದೆ ಕಟ್ಟಿರುವ ಬಟ್ಟೆಯ ಮೇಲೆ ‘ಆಫ್ರಿಕಾದ ಜಾನಿ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದಿದೆ. ಮೇಜಿನ ಮೇಲೆ, ತಲೆಗೆ ಕೋಳಿಪುಕ್ಕ ಕಟ್ಟಿಕೊಂಡು, ಕೊರಳಿಗೆ ಮಣಿಸರ ಹಾಕಿಕೊಂಡು, ಕಣ್ಣರಳಿಸಿ ನಿಂತ ಒಬ್ಬನ ಫೋಟೋ ಇಟ್ಟು ಹಾರ ಹಾಕಿದ್ದೇವೆ. ಊದುಬತ್ತಿ ಹಚ್ಚಿದ್ದೇವೆ. — ತಾಯೀ, ಇವನು ಯಾರು? ನಿಮ್ಮ ಮನೆಯಲ್ಲಿ ಇವನನ್ನು ಎಂದಾದರೂ ನೋಡಿದ್ದೀರಾ?

ಜಾನಿ ಸತ್ತಿಲ್ಲ, ಸ್ವಾಮಿ. ಜಾನಿ ಈ ಸಭಾಭವನದಲ್ಲೇ ಇದ್ದಾನೆ, ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ. ಅವನ ಬಗ್ಗೆ ಆಮೇಲೆ ಹೇಳುತ್ತೇನೆ. ಸತ್ತವನು ಬಸ್ತ್ಯಾಂವ. ಬಸ್ತ್ಯಾಂವ ಪೆದ್ರು ಸಿದ್ದಿ. ಇನ್ನೊಮ್ಮೆ ಹೇಳುತ್ತೇನೆ, ಹಿಂದಿನವರಿಗೂ ಕೇಳಲಿ — ಬಸ್ತ್ಯಾಂವ ಪೆದ್ರು ಸಿದ್ದಿ. ತಂದೆ ಪೆದ್ರು ಕುಳಗಿಯ ಕಾಡಿನಲ್ಲಿ ಬಿದಿರು ಕಡಿಯುತ್ತಿದ್ದವನು. ಸಿದ್ದಿಗಳ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಅಲ್ಲಿಂದ ಬಂದಿರಬಹುದು, ಆದರೆ ಆಫ್ರಿಕಾ ಎಲ್ಲಿದೆ ಎಂದು ನಮ್ಮಲ್ಲಿ ಯಾರಿಗೆ ಎಷ್ಟು ಗೊತ್ತೋ, ಬಸ್ತ್ಯಾಂವನಿಗೂ ಅಷ್ಟೇ ಗೊತ್ತಿತ್ತು.

ಅವನ ಸಂಗೀತದ ಬಗ್ಗೆ ಮಾತಾಡಲು ಹೇಳಿದ್ದಾರೆ, ಮಾತಾಡುತ್ತೇನೆ. ಅವನ ಮೊದಲ ವಾದ್ಯ ದಮಾಮ್. ಕಟ್ಟಿಗೆಯ ಕೊರಡನ್ನು ಕೊರೆದು ಎರಡೂ ಬದಿಗೆ ಚರ್ಮ ಬಿಗಿದ ಡೋಲು. ಸಿದ್ದಿಯವರ ಮನೆಗಳಲ್ಲಿ ಹಿರಿಯರ ಪೂಜೆಯ ದಿನ ಅದನ್ನು ಬಾರಿಸಿ, ತೀರಿಕೊಂಡವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಹೆಸರು ಹಿಡಿದು ಕರೆಯದಿದ್ದರೆ ಸತ್ತವನು ಹಿರಿಯರ ಸಾಲಿಗೆ ಸೇರುವುದಿಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಅವನು ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆಯಲ್ಲಿ ಬಿದಿರಿನ ಲಾರಿ ಖಾಲಿ ಮಾಡುವ ಕೆಲಸಕ್ಕೆ ನಿಂತ. ರಜೆ ಸಿಕ್ಕರೆ ಕ್ಯಾಸಲ್‌ರಾಕ್‌ಗೆ ಹೋಗುತ್ತಿದ್ದ. ಅಲ್ಲಿ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಮುದುಕನೊಬ್ಬ ಅವನಿಗೆ ಗಿಟಾರ್ ಹಿಡಿಯುವುದನ್ನು ಕಲಿಸಿದ. ಮುದುಕ ಬೆರಳಿನಿಂದ ತಂತಿ ಮೀಟಲು ಹೇಳಿದರೆ ಇವನು ಅಂಗೈಯಿಂದ ಹೊಡೆಯುತ್ತಿದ್ದ — ಹೀಗೆ, ದಮಾಮ್ ಹೊಡೆದ ಹಾಗೆ. ಮುದುಕ ಬೈದ. ಇವನು ಬಿಡಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಇದೇ ಊರಿನ ಚಹಾದಂಗಡಿಯೊಂದರಲ್ಲಿ ಅವನು ತಾನೇ ಕಟ್ಟಿದ ಹಾಡು ಹಾಡಿದ್ದನ್ನು ಕೇಳಿದವರು ಇಲ್ಲಿ ಕೆಲವರಾದರೂ ಇದ್ದೀರಿ.

ಭೋಂಗಾ ಕೂಗತೈತಿ, ಊರೆಲ್ಲಾ ಏಳತೈತಿ,
ಭೋಂಗಾಕ್ಕ ನನ್ನ ಹೆಸರ ಗೊತ್ತಿಲ್ಲ.

ಹೊರಗಿನಿಂದ ಬಂದವರಿಗೆ ಹೇಳುತ್ತೇನೆ, ಭೋಂಗಾ ಅಂದರೆ ನಮ್ಮ ಕಾರ್ಖಾನೆಯ ಸೈರನ್ನು. ಸಿನಿಮಾ ಹಾಡಿನ ದಾಟಿ ಅಲ್ಲ ಅದು. ಯಾರ ದಾಟಿಯೂ ಅಲ್ಲ. ಅಡಿವೆಯ್ಯನವರು ಅಂದು ಅಲ್ಲಿ ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಟ್ಟು ಅವನನ್ನು ಕರೆದರು. ಅವರ ಕಿವಿ ಒಳ್ಳೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

“ಹಾಡಾ ಛಲೋ ಅದಾವು ತಮ್ಮಾ,” ಅಂದರು. “ಆದ್ರ ಸಿದ್ದಿ ಹುಡುಗ ಹಾಡತಾನಂದ್ರ ಮಂದಿ ಯಾಕ ಟಿಕೆಟ್ ತಗೋಬೇಕು? ಸಿದ್ದಿಯವರನ್ನ ಅವರು ದಿನಾ ಪುಕ್ಕಟೆ ನೋಡತಾರ.”

ಹೀಗೆ ಜಾನಿ ಹುಟ್ಟಿದ. ಹೆರಿಗೆ ಸುಲಭವಾಯಿತು, ತಲೆಯ ಪುಕ್ಕಕ್ಕೆ ಎರಡು ಕೋಳಿ ಸಾಕಾದವು.

ನಿಯಮ ಒಂದೇ. ವ್ಯಾನು ಹಳಿಯಾಳದ ನಾಕಾ ದಾಟಿದ ಮೇಲೆ ಜಾನಿ ಕನ್ನಡ ಮಾತಾಡಕೂಡದು. ಕಿಟಕಿಯ ಪರದೆ ಎಳೆದಿದ್ದರೆ ವ್ಯಾನಿನೊಳಗೆ ಮೆಲ್ಲಗೆ ಮಾತಾಡಬಹುದು. ಇಳಿದರೆ ಇಲ್ಲ. ಹೋಟೆಲಿನಲ್ಲಿ ನೀರು ಬೇಕಾದರೆ ಬೆರಳು ತೋರಿಸಬೇಕು. ವೇದಿಕೆಯ ಮೇಲೆ ಬಾಯಿಗೆ ಬಂದ ಶಬ್ದ ಹಾಡಬೇಕು, ಅದು ಆಫ್ರಿಕನ್ ಭಾಷೆ. ಅವನು ಹಾಡಿದ. ನೀವು ಚಪ್ಪಾಳೆ ತಟ್ಟಿದಿರಿ. ನಾನು ಅಕಾರ್ಡಿಯನ್ ಒತ್ತಿದೆ.

ಮಳಗಿಯಲ್ಲಿ ಒಮ್ಮೆ ಕಾಶೆವ್ವ ಎಂಬಾಕೆಯ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದ್ದೆವು. ಮಿರ್ಚಿ ಭಜಿ ಕರಿಯುತ್ತಿದ್ದಳು. ಪುಕ್ಕ ಕಟ್ಟಿಕೊಂಡ ಇವನನ್ನು ನೋಡಿದವಳೇ ಝಾರಾ ಸೌಟು ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಂದಳು.

“ಪಾಪ, ಎಷ್ಟು ದೂರದಿಂದ ಬಂದೈತಿ ಕೂಸು. ಇದರವ್ವ ಯಾವ ಸಮುದ್ರದ ದಂಡ್ಯಾಗ ಕುಂತು ಅಳಾಕತ್ತಾಳೋ ಏನೋ. ತಿನ್ನಪಾ. ನಿನಗ ತಿಳಿಯಂಗಿಲ್ಲ, ಆದ್ರೂ ತಿನ್ನು.”

ಅವನ ಅವ್ವ ಅಲ್ಲಿಂದ ಅರ್ಧ ದಿನದ ದಾರಿಯಲ್ಲಿದ್ದಳು. ಅವನು ಬಾಯಿ ತೆರೆದ. ನಾನು ಕಂಡೆ, ‘ಯವ್ವಾ’ ಎಂಬುದು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಡಿವೆಯ್ಯನವರು, “ಅವರ ದೇಶದಾಗ ಮೆಣಸಿನಕಾಯಿ ಇಲ್ಲಬೇ, ನೋಡು ಈಗ ಹೆಂಗ ಕುಣೀತಾನ!” ಅಂದರು. ಹಸಿಮೆಣಸು ಕಚ್ಚಿಕೊಂಡು ಗಂಜಿ ಉಂಡು ಬೆಳೆದವನು, ಭಜಿ ತಿಂದು ಹೌಹಾರಿ ಕುಣಿದ. ನಾಲಿಗೆ ಹೊರಹಾಕಿ, ಕೈ ಬೀಸಿ, ಕಣ್ಣಲ್ಲಿ ನೀರು ತಂದುಕೊಂಡು ಕುಣಿದ. ಬಸ್ಸಿನಿಂದ ಇಳಿದವರೆಲ್ಲ ಸುತ್ತ ನಿಂತರು. ಅಂದಿನ ಪ್ರಯೋಗಕ್ಕೆ ಕುರ್ಚಿ ಸಾಲಲಿಲ್ಲ.

ವ್ಯಾನಿನಲ್ಲಿ ನಾನು ಓದುತ್ತಾ ಕೂರುತ್ತಿದ್ದೆ. ಮರುದಿನ ಅವನು ಪರದೆ ಎಳೆದು ಕೇಳಿದ.

“ನಾಗಲಿಂಗಣ್ಣಾರ, ಈ ಪುಸ್ತಕದಾಗಿನ ಮಂದಿ ಎಲ್ಲಿಯವರು?”

“ರಶಿಯಾದವರು.”

“ಮತ್ತ ಕನ್ನಡ ಮಾತಾಡತಾರ?”

“ಅನುವಾದ ಮಾಡ್ಯಾರಪಾ. ಅದಕ್ಕ ಮಾತಾಡತಾರ.”

ಅವನು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಪುಟ ನೋಡಿದ. “ಪುಣ್ಯವಂತರು ಬಿಡ್ರಿ,” ಅಂದ. “ಬರ್ಫದಾಗ ಹುಟ್ಟಿ ಕನ್ನಡ ಮಾತಾಡತಾರ. ನಾ ಕುಳಗಿ ದಾರ್ಯಾಗ ಹುಟ್ಟೇನಿ, ನನಗ ಪರವಾನಗಿ ಇಲ್ಲ.”

ಆಮೇಲೆ ಅವನ ಹಾಡು ಬದಲಾಯಿತು. ಬೆನ್ನಿನಿಂದಲೇ ಗೊತ್ತಾಗುತ್ತಿತ್ತು, ಬೆನ್ನು ನೆಟ್ಟಗಾಗಿತ್ತು. ಲಯ ನಿಧಾನವಾಯಿತು. ಮತ್ತೆ ಅಂಗೈಯಿಂದ ತಂತಿ ಹೊಡೆಯತೊಡಗಿದ. ಆಂಪ್ಲಿಫೈಯರಿನಲ್ಲಿ ಅದು ಕಾಡಿನೊಳಗೆ ಮರ ಬಿದ್ದ ಹಾಗೆ ಕೇಳುತ್ತಿತ್ತು. ಶಬ್ದಗಳೂ ಈಗ ಸುಮ್ಮನೆ ಬಾಯಿಗೆ ಬಂದವಲ್ಲ. ಅವನ ಮನೆಯ ಕೊಂಕಣಿ. ಅಡಿವೆಯ್ಯನವರಿಗೆ ಕೊಂಕಣಿ ಬಾರದು, ಬಯಲುಸೀಮೆಯ ಊರುಗಳಿಗೂ ಬಾರದು. ಊರೂರಿನಲ್ಲಿ ಅವನು ಹಾಡಿದ್ದು ಏನು ಗೊತ್ತೇ? ‘ನಮ್ಮ ಧಣಿಯ ಹೊಟ್ಟೆ ದೊಡ್ಡದು, ಅದರೊಳಗೆ ನನ್ನ ಹೆಸರಿದೆ. ಮುಂದಿನ ಸಾಲಿನವರ ಹಲ್ಲು ಬೆಳ್ಳಗಿದೆ, ಅವರು ನನ್ನನ್ನು ನೋಡಿ ನಗುತ್ತಿದ್ದಾರೆ.’ ಮುಂದಿನ ಸಾಲಿನವರು ‘ಒನ್ಸ್ ಮೋರ್’ ಅಂದರು. ಅಡಿವೆಯ್ಯನವರು ತಾವೇ ತಾಳ ಹಾಕಿದರು.

ಅದೇ ಹುರುಪಿನಲ್ಲಿ ಅವರು ಒಂದು ತಪ್ಪು ಮಾಡಿದರು. ಜೋಯಿಡಾದಲ್ಲಿ ಪ್ರಯೋಗ ಒಪ್ಪಿಕೊಂಡರು. ಜೋಯಿಡಾದಲ್ಲಿ! ನೀವು ನಗುತ್ತಿದ್ದೀರಿ, ಅಲ್ಲಿಂದ ಬಂದವರು. ಅಲ್ಲಿ ಮಕ್ಕಳು ಅಳುವುದೂ ಕೊಂಕಣಿಯಲ್ಲೇ. ಎರಡು ಸಾಲು ಹಾಡುವಷ್ಟರಲ್ಲಿ ಹೆಂಗಸರ ಕಡೆಯಿಂದ ಗೋದುಬಾಯಿ ಎಂಬ ಮುದುಕಿ ಎದ್ದು ನಿಂತು, “ಅಗೆ, ಹೊ ಆಮ್ಚೊ ನ್ಹೀ ಗೆ?” ಅಂದಳು. ಇವನು ನಮ್ಮವನಲ್ಲವೇನೇ, ಎಂದು. ಮೈದಾನವೆಲ್ಲ ನಕ್ಕಿತು. ಆದರೆ ಯಾರೂ ಕಲ್ಲು ಎಸೆಯಲಿಲ್ಲ, ಎದ್ದು ಹೋಗಲಿಲ್ಲ. ಮೊದಲಿನಿಂದ ಹಾಡು, ಅಂದರು. ಅವನು ಪುಕ್ಕದ ಟೋಪಿ ತೆಗೆದು ನನ್ನ ಅಕಾರ್ಡಿಯನ್ ಪೆಟ್ಟಿಗೆಯ ಮೇಲಿಟ್ಟು, ಮೊದಲಿನಿಂದ ಹಾಡಿದ. ನಾನು ಅವನ ಜೊತೆ ನುಡಿಸಿದ ಪ್ರಯೋಗಗಳಲ್ಲಿ ಅದೊಂದೇ ಸಂಗೀತ. ಉಳಿದದ್ದು ಸರ್ಕಸ್ಸು.

— ಗಂಟೆ ಬಾರಿಸಿದಿರಾ ಅಧ್ಯಕ್ಷರೇ? ಐದು ನಿಮಿಷ ಆಯಿತೇ? ಆಗಲಿ. ನಿಮ್ಮ ಗಂಟೆಗೆ ನಾನು ಇಷ್ಟು ವರ್ಷ ಎದ್ದಿದ್ದೇನೆ, ಕೂತಿದ್ದೇನೆ. ಇಂದು ಮುಗಿಸಿ ಕೂರುತ್ತೇನೆ.

ಜೋಯಿಡಾದಿಂದ ಬರುವಾಗ ಬಸ್ತ್ಯಾಂವ ಕೇಳಿದ್ದು ಒಂದೇ. ಒಂದು ಹಾಡು. ತನ್ನ ಹೆಸರು ಹೇಳಿ, ಕನ್ನಡದಲ್ಲಿ, ಒಂದು ಹಾಡು. ಅಡಿವೆಯ್ಯನವರು ಒಪ್ಪಿದರು. “ಮುಂಡಗೋಡದಾಗ ಹಾಡು. ಕಡೀ ಐಟಮ್. ನಾನೇ ಹೆಸರು ಹೇಳತೇನಿ.” ಒಪ್ಪಿದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಅವರು ಕೆಟ್ಟವರಲ್ಲ. ಶವಪೆಟ್ಟಿಗೆಗೆ ಒಳ್ಳೆಯ ಕಟ್ಟಿಗೆ ಹಾಕಿಸಿದರು, ಅತ್ತರು ಕೂಡ. ಅವರು ಕೆಟ್ಟವರಾಗಿದ್ದರೆ ನಮಗೆಲ್ಲ ಎಷ್ಟು ಅನುಕೂಲವಾಗುತ್ತಿತ್ತು!

ಬಸ್ತ್ಯಾಂವ ಊರಿಗೆ ಹೋಗಿ ತಾಯಿಯನ್ನು ಕರೆದ. ಅಗ್ನೆಸ್‌ಬಾಯಿ ಅಲ್ಲಿಯವರೆಗೆ ಮಗನ ಒಂದು ಪ್ರಯೋಗವನ್ನೂ ನೋಡಿರಲಿಲ್ಲ. ನೋಡಬಾರದೆಂದು ಅವನೇ ಹೇಳಿದ್ದ. ಮುಂಡಗೋಡಕ್ಕೆ ಬಾ, ಅಂದ. ಬಂದರು. ಹೊಸ ಸೀರೆ ಉಟ್ಟುಕೊಂಡು ಹೆಂಗಸರ ಸಾಲಿನ ಮುಂದೆ ಕೂತರು.

ಮಧ್ಯಾಹ್ನ ಮಳೆ ಬಂದು ನಿಂತಿತ್ತು. ವೇದಿಕೆಯ ಹಲಗೆ ತೊಯ್ದಿತ್ತು. ಸಂಜೆ ಜಾನಿಯ ಐಟಮ್ ಶುರುವಾಯಿತು, ಇನ್ನೂ ಪುಕ್ಕ, ಇನ್ನೂ ಮಣಿಸರ, ಬರಿಗಾಲು. ಕೈಯಲ್ಲಿ ಗಿಟಾರ್. ಮೈಕಿಗೆ ತುಟಿ ತಾಗಿದ ಕೂಡಲೇ ಅವನ ಬೆನ್ನು ಸೆಟೆಯಿತು. ಹಿಂದೆ ಸರಿದ. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ, ಅಚ್ಚ ಕನ್ನಡದಲ್ಲಿ ಹೇಳಿದ.

“ಮೈಕಿನ್ಯಾಗ ಕರೆಂಟ್ ಬರಾಕತ್ತೈತ್ರಿ. ಬಂದ್ ಮಾಡ್ರಿ.”

ಜನ ಹೋ ಎಂದು ಎದ್ದರು. ಶಿಳ್ಳೆ. ಆಫ್ರಿಕಾದವನು ಕನ್ನಡ ಮಾತಾಡಿದ! ಅಡಿವೆಯ್ಯನವರು ಇನ್ನೊಂದು ಮೈಕಿನಲ್ಲಿ, “ಮುಂಡಗೋಡದ ನೀರು ಕುಡದ ಒಂದ ದಿನದಾಗ ಕನ್ನಡ ಬಂತ ನೋಡ್ರಿ! ಇನ್ನೊಮ್ಮೆ ಹೇಳೋ ಜಾನಿ!” ಅಂದರು. ಅವನು ಇನ್ನೊಮ್ಮೆ ಹೇಳಿದ. ಕೈಮುಗಿದು ಹೇಳಿದ. ಚಪ್ಪಾಳೆ ಇಮ್ಮಡಿಯಾಯಿತು. ಯಾರೋ ಹಾರ ಎಸೆದರು.

ಒಬ್ಬರಿಗೆ ಮಾತ್ರ ಅರ್ಥವಾಯಿತು. ಹೊಸ ಸೀರೆಯ ಮುದುಕಿ ಎದ್ದು ಕೂಗಿದರು: “ಅಂವ ಚಾಷ್ಟಿ ಮಾಡಾಕತ್ತಿಲ್ರೀ! ಅಂವ ನನ್ನ ಮಗಾ! ಕರೆಂಟ್ ತಗೀರಿ!” ಹಿಂದಿನಿಂದ ಯಾರೋ ಅವರ ಸೆರಗು ಜಗ್ಗಿದರು. “ಕುಂಡ್ರಬೇ ಮುದುಕಿ, ಹಿಂದಿನವರಿಗೆ ಕಾಣಂಗಿಲ್ಲ.”

ಅಡಿವೆಯ್ಯನವರು ವೇದಿಕೆಯ ಬದಿಯಿಂದ ಕೈಸನ್ನೆ ಮಾಡಿದರು — ಹೀಗೆ — ನಡಿ, ನಡಿ. ಕೊನೆಗೆ ಅವನ ಹಾಡು ಇತ್ತಲ್ಲ. ಈಗ ಹಠ ಮಾಡಿದರೆ ಅದು ಹೋಗುತ್ತದೆ ಎಂದುಕೊಂಡನೋ ಏನೋ. ಗಿಟಾರಿನ ತಂತಿ ಹಿಡಿದುಕೊಂಡೇ ಅವನು ಮತ್ತೆ ಮೈಕಿನ ಕಡೆ ಬಗ್ಗಿದ.

ಲೈಟಿನ ದುರ್ಗಪ್ಪ ಫ್ಯೂಸ್ ಕಿತ್ತಾಗ ದೀಪಗಳೆಲ್ಲ ಆರಿದವು. ಜನ ಆಗಲೂ ಚಪ್ಪಾಳೆ ತಟ್ಟುತ್ತಿದ್ದರು. ಅವನು ಬಿದ್ದ ರೀತಿ ಅಷ್ಟು ಚೆನ್ನಾಗಿತ್ತು.

ಇಷ್ಟೇ. ಇದು ಅವನ ಸಂಗೀತ ಬೆಳೆದ ಬಗೆ. ಈಗ ಮೂರನೆಯ ಸಾಲಿನ ಮಾತು. ಕಂಬದ ಪಕ್ಕ ಕೂತಿರುವ ಇಬ್ರಾಹಿಂ ಹಳಿಯಾಳ ಕಡೆಯ ಸಿದ್ದಿ. ಕಟ್ಟಿಗೆ ಅಡ್ಡೆಯಲ್ಲಿ ದುಡಿಯುವವನು, ದನಿ ಚೆನ್ನಾಗಿದೆ. ನಿನ್ನೆ ದರ್ಜಿ ಟೇಪು ಹಿಡಿದು ಅವನ ಎದೆ, ಸೊಂಟ, ತಲೆಯ ಸುತ್ತಳತೆ ತೆಗೆದುಕೊಂಡಿದ್ದಾನೆ. ಸಭೆ ಮುಗಿದ ಮೇಲೆ ಅಧ್ಯಕ್ಷರು ಒಂದು ಸಂತೋಷದ ಸುದ್ದಿ ಹೇಳುವವರಿದ್ದಾರೆ. ಜಾಹೀರಾತು ಅಚ್ಚಾಗಿಬಿಟ್ಟಿದೆ, ಫೋಟೋದಲ್ಲಿ ಪುಕ್ಕದ ಕೆಳಗೆ ಮುಖ ಅಷ್ಟೇನೂ ಕಾಣುವುದಿಲ್ಲ. ಅದಕ್ಕೇ ಹೇಳಿದೆ, ಜಾನಿ ಸತ್ತಿಲ್ಲ. ಅವನನ್ನು ಸಾಯಲು ನಾವು ಬಿಡುವುದಿಲ್ಲ. ಈ ಸಭೆ ನಡೆಯುತ್ತಿರುವುದು ಹಾರವನ್ನು ಒಂದು ಕೊರಳಿನಿಂದ ತೆಗೆದು ಇನ್ನೊಂದಕ್ಕೆ ಹಾಕಲು.

ಇಬ್ರಾಹಿಂ, ನೀನು ತಲೆ ತಗ್ಗಿಸಬೇಡ. ನೋಡು, ಕೇಳು. ಮೈಕಿನಲ್ಲಿ ಕರೆಂಟ್ ಬಂದರೆ ನೀನು ಯಾವ ಭಾಷೆಯಲ್ಲಿ ಹೇಳುತ್ತೀ?

ಅವನು ಮುಂಡಗೋಡದಲ್ಲಿ ಹಾಡಬೇಕಿದ್ದ ಹಾಡು ನನಗೆ ಬರುತ್ತದೆ. ಅಕಾರ್ಡಿಯನ್ ಮುಟ್ಟುವುದಿಲ್ಲ. ಬರೀ ಮಾತಿನಲ್ಲಿ ಹೇಳುತ್ತೇನೆ.

ನನ್ನ ಕರೀಬೇಕಂದ್ರ ದೂರ ಹೋಗಬ್ಯಾಡ್ರಿ,
ಕುಳಗಿ ದಾರ್ಯಾಗ ನಿಂತು ಕೂಗ್ರಿ.
ಅವ್ವ ಇಟ್ಟ ಹೆಸರು ಹಿಡದ ಕೂಗ್ರಿ,
ಇಲ್ಲೇ ಅದೇನಿ, ಓ ಅಂತೇನಿ.

ಅಗ್ನೆಸ್‌ಬಾಯಿ ಬರುವಾಗ ಮನೆಯ ದಮಾಮ್ ತಂದಿದ್ದಾರೆ. ಶೋಕಸಭೆಯಲ್ಲಿ ಡೋಲು ಬೇಡ ಎಂದು ಸಭೆ ನಡೆಸುವವರು ಅದನ್ನು ಬಾಗಿಲ ಹೊರಗೆ, ನಮ್ಮ ಚಪ್ಪಲಿಗಳ ಪಕ್ಕ ಇಡಿಸಿದ್ದಾರೆ. ದುರ್ಗಪ್ಪ, ಅದನ್ನು ಒಳಗೆ ತಾ. ಆ ಮೇಜಿನ ಮೇಲಿನ ಫೋಟೋ ತೆಗೆದು ಅಲ್ಲಿಡು. ಹೌದು, ಅಧ್ಯಕ್ಷರ ಎದುರಿಗೇ.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಅಧ್ಯಕ್ಷರೂ. ಎರಡು ನಿಮಿಷದ ಮೌನ ಅಲ್ಲ, ಗಡಿಯಾರ ನೋಡಬೇಡಿ. ಬಾಯಿ ಮುಚ್ಚಿಕೊಂಡು ನಿಲ್ಲುವುದು ಹೇಗೆಂದು ಅವನು ನಮಗೆ ವರ್ಷಗಟ್ಟಲೆ ತೋರಿಸಿದ್ದಾನೆ, ಕಲಿತಿರಬೇಕು. ತಾಯಿ ಯಾವಾಗ ಡೋಲಿಗೆ ಕೈ ಹಚ್ಚುತ್ತಾರೋ ಅಲ್ಲಿಯವರೆಗೆ ನಿಲ್ಲೋಣ. ಅವರು ಮಗನ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ‘ಓ’ ಅನ್ನುವಷ್ಟು ಜಾಗ ಬಿಡುತ್ತಾರೆ.

ಆ ಜಾಗವನ್ನು ಯಾರೂ ತುಂಬಬೇಡಿ. ಅದಕ್ಕೆ ಯಾರ ಅಳತೆಯನ್ನೂ ತೆಗೆದುಕೊಳ್ಳಬೇಡಿ.

ಏಳಿ.