ನನ್ನ ತುದಿಯ ಗುಳ್ಳೆ

ಅಧ್ಯಕ್ಷರ ಕುರ್ಚಿಯಲ್ಲಿರುವ ಪ್ರಾಂಶುಪಾಲರೇ, ವೇದಿಕೆಯ ಮೇಲಿನ ಹಿರಿಯರೇ, ಈ ಕಟ್ಟಡ ಕೆಲಸದ ಶಾಲೆಯ ಮೇಷ್ಟ್ರುಗಳೇ, ಊಟ ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತಿರುವ ವಿದ್ಯಾರ್ಥಿಗಳೇ, ಮತ್ತು ಸಭಿಕರೇ,

ಮಟ್ಟ ಹಿಡಿಯುವುದರಲ್ಲಿ ಮೊದಲು ಬಂದವರಿಗೆ ಈ ವರ್ಷದಿಂದ ನನ್ನ ಹೆಸರಿನಲ್ಲಿ ಬಹುಮಾನ ಕೊಡುತ್ತೀರಂತೆ. ನಲವತ್ತು ವರ್ಷ ಗಾರೆ ಮೆತ್ತಿಕೊಂಡ ಕೈಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ನಿಂತ ನೀರಿನ ಬಗ್ಗೆ, ಅದರ ಒತ್ತಡದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಪ್ರಾಂಶುಪಾಲರು ಕೇಳಿದ್ದಾರೆ. ನಾಲ್ಕು ಮಾತು ಎಂದು ಮೈಕು ಹಿಡಿದವರು ನಾಲ್ಕಕ್ಕೆ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ.

ನನಗೆ ಪಾಠ ಹೇಳಿದ್ದು ಪುಸ್ತಕವಲ್ಲ, ಲೆವೆಲ್ ಪೈಪು. ಬೆರಳು ಗಾತ್ರದ, ಗಾಜಿನಂತೆ ಕಾಣುವ ಉದ್ದನೆಯ ಪೈಪು. ಅದರಲ್ಲಿ ನೀರು ತುಂಬಿ ಒಂದು ತುದಿ ನಾನು, ಇನ್ನೊಂದು ತುದಿ ನನ್ನ ಅಣ್ಣ ಹಿಡಿಯುತ್ತಿದ್ದೆವು. ನಡುವೆ ಪೈಪು ನೆಲದ ಮೇಲೆ ಹೇಗೇ ಬಿದ್ದಿರಲಿ, ಗೋಡೆ ಸುತ್ತಿ ಬರಲಿ, ನೀರು ಎರಡು ತುದಿಯಲ್ಲೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಗೋಡೆಯ ಮೇಲೆ ಗೀಟು ಹಾಕಿದರೆ ಮಟ್ಟ ಸಿಕ್ಕಿತು.

ಅಣ್ಣ ಒಮ್ಮೆ ತನ್ನ ತುದಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಕೇಳಿದ: "ಇಲ್ಲಿ ಬಕೆಟ್ ತುಂಬ ನೀರು, ನಿನ್ನ ಹತ್ರ ಒಂದು ಲೋಟಾನೂ ಇಲ್ಲ. ಯಾವುದು ಗೆಲ್ಲುತ್ತೆ ಹೇಳು?" ಬಕೆಟ್ಟಿನ ನೀರು ನನ್ನದನ್ನು ತಳ್ಳಿ ಹೊರಗೆ ಚೆಲ್ಲುತ್ತದೆ ಎಂದೆ. ಚೆಲ್ಲಲಿಲ್ಲ. ಎರಡೂ ಒಂದೇ ಮಟ್ಟಕ್ಕೆ ನಿಂತವು. "ನೀರಿನ ಒತ್ತಡ ಆಳ ಎಷ್ಟು ಅಂತ ಕೇಳುತ್ತೆ ಕಣೋ, ಅಗಲ ಎಷ್ಟು ಅಂತ ಕೇಳೋದಿಲ್ಲ," ಎಂದ. ಅಣ್ಣ ಓದಿದ್ದು ನಾಲ್ಕನೇ ಕ್ಲಾಸು.

ಆದರೆ ಮಕ್ಕಳೇ, ಪೈಪಿನ ನೆಟ್ಟಗೆ ನಿಂತ ಭಾಗದಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ? ಗಾಳಿಗೆ ಏನು ಭಾರ? ಅಷ್ಟು ಉದ್ದದ ನೀರಿನ ಭಾರ ಆ ಕಡೆ ಕಡಿಮೆಯಾಯಿತು. ಅದನ್ನು ಸರಿದೂಗಿಸಲು ಆ ತುದಿಯ ನೀರು ಅಷ್ಟೇ ಮೇಲೇರುತ್ತದೆ. ಎರಡು ಬೆರಳಿನ ಗುಳ್ಳೆಗೆ ಎರಡು ಬೆರಳು ಸುಳ್ಳು. ಅದಕ್ಕೇ ಅಣ್ಣ ಗೀಟು ಹಾಕುವ ಮುಂಚೆ ಪೈಪಿನ ಉದ್ದಕ್ಕೂ ನಡೆದು, ಉಗುರಿನಿಂದ ತಟ್ಟಿ ತಟ್ಟಿ ಗಾಳಿ ಓಡಿಸುತ್ತಿದ್ದ. ಅದು ಅವನ ಪೂಜೆ ಇದ್ದ ಹಾಗೆ. ನನಗೋ, ಬೇಜಾರು.

ಈ ಸಭಾಂಗಣ ಕಟ್ಟಿದ್ದು ನಾವೇ. ಮೂವತ್ತೊಂದು ವರ್ಷವಾಯಿತು. ನಾನು ಈಗ ನಿಂತಿರುವ ಈ ವೇದಿಕೆಯ ಕಡೆ, ಅಣ್ಣ ಆ ಬಾಗಿಲ ಹತ್ತಿರ. ಅಲ್ಲಿಂದ ಕೂಗಿದ: "ಗಾಳಿ ನೋಡಿದ್ಯೇನೋ?"

"ನೋಡಿದೀನಿ ಅಣ್ಣ."

ನೋಡಿರಲಿಲ್ಲ. ಇದನ್ನು ಹೇಳಬೇಕೆಂದು ಬಂದವನಲ್ಲ ನಾನು. ಜೇಬಿನಲ್ಲಿ ಬರೆದು ತಂದ ಭಾಷಣವೇ ಬೇರೆ ಇದೆ. ಇರಲಿ.

ಆ ಗೀಟುಗಳ ಲೆಕ್ಕಕ್ಕೆ ಹಾಕಿದ ನೆಲ ಮುಗಿದ ಮೇಲೆ ಇಂಜಿನಿಯರು ಒಂದು ಬಕೆಟ್ ನೀರು ಸುರಿಸಿದರು. ನೀರು ಸೀದಾ ಹರಿದು ಬಾಗಿಲಲ್ಲಿ ಮಡುಗಟ್ಟಿತು. ನಿಮ್ಮಲ್ಲಿ ನೆಲ ಒರೆಸುವ ಅಮ್ಮನವರು ಇಂದಿಗೂ ಅಲ್ಲಿಂದಲೇ ನೀರು ಬಾಚುತ್ತಾರೆ, ಕೇಳಿ ನೋಡಿ. "ಯಾರ ತುದಿ ತಪ್ಪಿದ್ದು?" ಎಂದರು ಇಂಜಿನಿಯರು. ನಾನು ತಟ್ಟನೆ ಹೇಳಿದೆ: "ಅಣ್ಣನ ಕಣ್ಣು ಈಚೆಗೆ ಸ್ವಲ್ಪ ಮಂದ, ಸಾರ್."

ಕಣ್ಣು ಮಂದವಾಗಿದ್ದದ್ದು ನಿಜ. ಅದಕ್ಕೇ ಎಲ್ಲರೂ ನಂಬಿದರು. ಬಹುಶಃ ಅಣ್ಣನೂ ನಂಬಿದ.

ಗೀಟು ಹಾಕಿದ ದಿನವೇ ಪೈಪು ಸುತ್ತಿಡಲು ಮುಷ್ಟಿ ಬಿಚ್ಚಿದಾಗ, ನನ್ನ ಹಿಡಿಯೊಳಗೆ, ಎರಡು ಬೆರಳು ಉದ್ದದ ಗುಳ್ಳೆ ಕೂತಿತ್ತು. ಕಂಡೆ. ನೀರು ಚೆಲ್ಲಿಬಿಟ್ಟೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ.

ಅಂದಿನಿಂದ ಅಣ್ಣ ಪೈಪು ಮುಟ್ಟಲಿಲ್ಲ. "ಇನ್ಮೇಲೆ ನೀನೇ ಹಿಡಿ, ನನ್ನ ಕಣ್ಣು ನಂಬೋ ಹಾಗಿಲ್ಲ," ಎಂದು ಗಾರೆ ಕಲಸಲು ಕೂತ. ಇಪ್ಪತ್ತು ವರ್ಷ ನನಗೇ ಗಾರೆ ಕಲಸಿಕೊಟ್ಟ. ನಾನು ಹೆಸರಾಂತ ಮೇಸ್ತ್ರಿಯಾದೆ. ನನಗೆ ಕೆಲಸ ಕಲಿಸಿದವನು ನನ್ನ ಕೈಕೆಳಗೆ ಬಾಂಡ್ಲಿ ಹೊತ್ತ. ನಾಚಿಕೆಯಾಗುತ್ತದೆ, ಸಭಿಕರೇ.

ಪ್ರಾಂಶುಪಾಲರೇ, ಆ ಬಹುಮಾನಕ್ಕೆ ನನ್ನ ಹೆಸರು ಬೇಡ. ಅಣ್ಣನ ಹೆಸರಿಡಿ. ಫಲಕ ಕೆತ್ತಿಸಿಬಿಟ್ಟಿದ್ದೀರಿ, ಗೊತ್ತು. ಕಲ್ಲು ತಿರುವಿ ಹಾಕಿ ಹಿಂಬದಿಯಲ್ಲಿ ಕೆತ್ತಿಕೊಡುತ್ತೇನೆ, ಕೂಲಿ ಬೇಡ.

ತಮ್ಮನ ಭಾಷಣ ಕೇಳಬೇಕೆಂದು ಅಣ್ಣ ಇವತ್ತು ಬಂದಿದ್ದಾನೆ. ಬಾಗಿಲ ಹತ್ತಿರ, ಕಡೆಯ ಕುರ್ಚಿ. ಮುಂದೆ ಬಾ ಎಂದರೆ ಇಲ್ಲೇ ಸಾಕು ಎಂದ. ನಿಮಗಾರಿಗೂ ಗೊತ್ತಿರದಿದ್ದರೂ ನನಗೆ ಗೊತ್ತು, ಆ ಕುರ್ಚಿ ಈ ವೇದಿಕೆಯ ಬುಡದ ನೆಲಕ್ಕಿಂತ ಎರಡು ಬೆರಳು ತಗ್ಗಿನಲ್ಲಿದೆ.

ಅಣ್ಣಾ, ನಿನ್ನ ಗೀಟು ಸರಿಯಾಗಿತ್ತು. ಗಾಳಿ ನನ್ನ ತುದೀಲಿತ್ತು.

ಎದ್ದು ನಿಂತಿದ್ದಾನೆ. ಹೊರಗೆ ಹೋಗುವುದಕ್ಕೋ, ಇತ್ತ ಬರುವುದಕ್ಕೋ, ನನಗೆ ತಿಳಿಯುತ್ತಿಲ್ಲ. ಅಣ್ಣಾ, ಅಲ್ಲೇ ಇರು, ನಾನೇ ಬರ್ತೀನಿ.

ವಂದನೆ ಹೇಳುವವರು ಕ್ಷಮಿಸಬೇಕು, ನಿಮ್ಮ ಸರದಿಗೆ ನಾನು ಕಾಯಲಾರೆ. ಕರೆದಿದ್ದಕ್ಕೆ, ಕೇಳಿದ್ದಕ್ಕೆ ಎಲ್ಲರಿಗೂ ಋಣಿ. ಮೈಕು ಯಾರಾದರೂ ಹಿಡಿದುಕೊಳ್ಳಿ. ನಮಸ್ಕಾರ.