ಸಿಂಪಿಗ ಹಕ್ಕಿಯ ತುತ್ತು

ಥೂ, ಇದನ್ನ ಹೇಳೋಕೇ ಅಸಹ್ಯ ಆಗುತ್ತೆ. ಆದ್ರೂ ಕೇಳಿ... ದೀಪ ಸಣ್ಣಗೆ ಮಾಡಿ. ನಮ್ಮ ಚಿಕ್ಕಪ್ಪನ ಮಗ ಸುದರ್ಶನನಿಗೇ ಆದದ್ದು, ಇದೇ ದಿಲ್ಲಿಯಲ್ಲಿ, ಹೋದ ಜೂನಿನಲ್ಲಿ.

ಹೌಜ್ ಖಾಸಿನ ಸ್ಟುಡಿಯೋದಲ್ಲಿ ಒಂದು ಫೋಟೋ ಪ್ರಿಂಟ್ ಹಾಕಿಸಿಕೊಂಡು, ಆರ್.ಕೆ.ಪುರಂ ಕ್ವಾರ್ಟರ್ಸಿಗೆ ನಡೆದು ಬರ್ತಿದ್ದ. ರಾತ್ರಿ ಹತ್ತು ದಾಟಿತ್ತು. ಹಾದಿಯಲ್ಲಿ ಒಂದು ಹಳೇ ಮೆಟ್ಟಿಲು ಬಾವಿ, ಪಕ್ಕದಲ್ಲಿ ಆಲದ ಮರ. ಅಲ್ಲಿಂದ ಸದ್ದು ಬಂತು. ಟುವಿಟ್... ಟುವಿಟ್... ಟುವಿಟ್. ಸಿಂಪಿಗ ಹಕ್ಕಿ. ಹೆಬ್ಬೆರಳಿನಷ್ಟಿರುತ್ತೆ, ಎಲೆ ಹೊಲಿದು ಗೂಡು ಕಟ್ಟುತ್ತಲ್ಲ, ಅದು. ಕತ್ತಲಾದ ಮೇಲೆ ಅದು ಕೂಗೋದಿಲ್ಲ. ಹತ್ತು ವರ್ಷ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದವನಿಗೆ ಅಷ್ಟು ಗೊತ್ತಿಲ್ಲವೇ? ಬಿರಬಿರನೆ ಹೆಜ್ಜೆ ಹಾಕಿದ. ಸದ್ದು ಮರದಿಂದ ಮರಕ್ಕೆ ಹಾರುತ್ತಾ ಗೇಟಿನವರೆಗೂ ಬಂತು... ಅಲ್ಲಿ ನಿಂತಿತು.

ಅವನ ಜೀವ ಯಾಕೆ ಬಾಯಿಗೆ ಬಂತು ಅಂತ ಹೇಳ್ತೀನಿ. ಮೇ ತಿಂಗಳಲ್ಲಿ ಅವನ ಹಿತ್ತಲಿನ ಅಂಜೂರದ ಗಿಡದಲ್ಲಿ ಸಿಂಪಿಗ ಗೂಡು ಹೊಲಿದಿತ್ತು. ಒಳಗೆ ಮೂರು ಮರಿ. ಎಲೆ ಅಡ್ಡ, ಫೋಟೋಗೆ ಸಿಗವು. ಈ ಮಹಾರಾಯ ಕತ್ತರಿ ತಂದು ಹೊಲಿಗೆ ಬಿಚ್ಚಿದ. ಕಚ್... ಕಚ್. ಸಂಜೆ ಕ್ಲಿಪ್ ಹಾಕಿ ಮುಚ್ತೀನಿ ಅಂತ ಹೆಂಡತಿ ಧಾರಿಣಿಗೆ ಹೇಳಿ ಆಫೀಸಿಗೆ ಹೋದ. ಮರೆತೇಬಿಟ್ಟ. ಲೂ ಅಂತಾರಲ್ಲ, ದಿಲ್ಲಿ ಬೇಸಿಗೆಯ ಆ ಬೆಂಕಿಯಂಥ ಗಾಳಿಯಲ್ಲಿ ಮರಿಗಳು ಬೆಂದುಹೋದವು. ಮಾರನೇ ದಿನ ನೋಡಿದರೆ ಕಣ್ಣಿನ ತುಂಬ ಇರುವೆ. ಆದ್ರೂ ಆ ತಾಯಿ ಹಸಿರು ಹುಳ ತಂದು ತಂದು ಸತ್ತ ಮರಿಯ ತೆರೆದ ಬಾಯಿಗೆ ತುರುಕ್ತಾನೇ ಇತ್ತಂತೆ.

ಅದರದ್ದೂ ಫೋಟೋ ತೆಗೆದ, ನಾಚಿಕೆಗೆಟ್ಟವನು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಇರುವೆಗಳನ್ನ ಒಂದೊಂದಾಗಿ ಅಳಿಸಿದ. ಕತ್ತರಿ ಬಿದ್ದ ಎಲೆಯ ಅಂಚು ಸರಿಮಾಡಿದ. ಕಡೆಗೆ ಸತ್ತ ಕಣ್ಣಿನೊಳಗೆ ಒಂದು ಬಿಳಿ ಚುಕ್ಕಿ ಇಟ್ಟ. ಅಷ್ಟಾದರೆ ಸಾಕು, ಕಣ್ಣಿಗೆ ಜೀವ ಬಂದ ಹಾಗೆ ಕಾಣುತ್ತೆ. ಯಾರಿಗೂ ಅನುಮಾನ ಬರದಷ್ಟು ನಾಜೂಕಿನ ಕೆಲಸ.

ಅದು ಒಂದು ಫೋಟೋ ಸ್ಪರ್ಧೆಗೆ. ಗೆದ್ದರೆ ವನ್ಯಜೀವಿ ಪತ್ರಿಕೆಯೊಂದರಲ್ಲಿ ಕೆಲಸ, ಸರ್ಕಾರಿ ಫೈಲುಗಳಿಗೆ ಶಾಶ್ವತ ಸಲಾಂ. ಅವನ ಇಷ್ಟು ವರ್ಷದ ಆಸೆಯೇ ಅದು. ಚಿತ್ರ ಸಹಜವಾಗಿದೆ, ಹಕ್ಕಿಗೆ ತೊಂದರೆ ಕೊಟ್ಟಿಲ್ಲ ಅಂತ ಪ್ರಿಂಟಿನ ಹಿಂದೆ ರುಜು ಹಾಕಿ ಕಳಿಸಬೇಕಿತ್ತು.

ಪ್ರಿಂಟ್ ಹಿಡಿದು ಮನೆಗೆ ಬಂದ ಆ ರಾತ್ರಿ ಧಾರಿಣಿ ಮೆಲ್ಲಗೆ ಅಂದಳು, “ಕಳಿಸಬೇಡಿ. ನಂಗೆ ಹೇಸಿಗೆ ಆಗ್ತಿದೆ.”

“ಒಂದು ಚುಕ್ಕಿ ತಾನೇ ಇಟ್ಟಿದ್ದು?” ಅಂದ. ರುಜು ಹಾಕಿ ಮಲಗಿದ.

ಬೆಳಗ್ಗೆ ಎದ್ದರೆ ನಾಲಿಗೆ ಮೇಲೆ ಏನೋ ತಣ್ಣಗೆ, ಮೆತ್ತಗೆ... ಉಗುಳಿದ. ಹಸಿರು ಹುಳ. ತಲೆ ಜಜ್ಜಿತ್ತು, ಬಾಲ ಇನ್ನೂ ಆಡ್ತಿತ್ತು. ಏಸಿ ಹಾಕಿದ ಕೋಣೆ, ಕಿಟಕಿ ಬಾಗಿಲು ಭದ್ರ. ಸೊಪ್ಪಿನ ಜೊತೆ ಬಂದಿರಬೇಕು ಅಂತ ಬಾಯಿ ಮುಕ್ಕಳಿಸಿ, ಹೋಗಿ ಲಕೋಟೆ ಕಳಿಸಿಯೇ ಬಂದ. ಮರುದಿನ ಎರಡು ಹುಳ. ಅದರ ಮರುದಿನ ಒಂದು ಗಂಟಲಿಗೇ ಇಳಿದಿತ್ತು. ಊಟ ನೋಡಿದರೆ ವಾಂತಿ. ಒಂದು ವಾರಕ್ಕೆ ಕಡ್ಡಿಯಾದ.

ಆಗ ಫೋನ್ ಬಂತು, ಮೊದಲ ಬಹುಮಾನ ನಿಮಗೇ ಅಂತ. ಇವನು ಫೋನಿನಲ್ಲೇ ಎಲ್ಲ ಒದರಿಬಿಟ್ಟ... ಕತ್ತರಿ, ಇರುವೆ, ಚುಕ್ಕಿ, ಎಲ್ಲ. ಬಹುಮಾನ ಹೋಯ್ತು, ಕೆಲಸ ಹೋಯ್ತು, ಹೆಸರೂ ಹೋಯ್ತು. ಆಗಬೇಕಾದ್ದೇ ಬಿಡಿ.

ಇನ್ನಾದರೂ ಬಿಡುತ್ತೆ ಅಂದುಕೊಂಡ. ಆದ್ರೂ ಭಯ. ಆ ರಾತ್ರಿ ಬಾಯಿಗೆ ಅಗಲವಾದ ಮೆಡಿಕಲ್ ಟೇಪು ಅಂಟಿಸಿಕೊಂಡ. ಧಾರಿಣಿ ಕುರ್ಚಿ ಎಳೆದುಕೊಂಡು ಕಾವಲು ಕೂತಳು. ಕಣ್ಣಿನ ರೆಪ್ಪೆ ಮುಚ್ಚಲಿಲ್ಲ ಅಂತಾಳೆ. ಬೆಳಗಿನ ಜಾವ ಒಂದೇ ಒಂದು ಸಲ ರೆಕ್ಕೆ ಸದ್ದು. ಫರ್... ಅಷ್ಟೇ. ಲೈಟ್ ಹಾಕಿದಳು. ಕೋಣೆಯಲ್ಲಿ ಏನೂ ಇಲ್ಲ.

ನಂಬೋದಾದ್ರೆ ನಂಬಿ, ಬಿಟ್ಟರೆ ಬಿಡಿ, ಅವಳು ನಮ್ಮ ಮನೆಯ ಇದೇ ಹಾಸಿಗೆ ಮೇಲೆ ಕೂತು ನಂಗೆ ಹೇಳಿದ್ದು. ಟೇಪಿನ ಒಂದು ಅಂಚೂ ಎದ್ದಿರಲಿಲ್ಲ. ಅವಳೇ ಕೈಯಾರೆ ಕಿತ್ತಳು. ಒಳಗೆ ಮೂರು ಹುಳ ಇದ್ದವು.